ನೂರ ಅರವತ್ತು ಗಂಟೆ

ಮೊದಲ ದಿನ ಕೈಗೆ ಕೊಟ್ಟದ್ದು ಒಂದು ಚಾಕು,
ಒಂದು ಬುಟ್ಟಿ ಬೀಟ್‌ರೂಟ್.
ಮನಶ್ಶಾಸ್ತ್ರ ಮೂರನೆಯ ವರ್ಷ ನಾನು,
ಮಿದುಳಿನ ಮೂಲೆಮೂಲೆಯ ಹೆಸರು
ಒಂದೇ ಉಸಿರಿನಲ್ಲಿ ಹೇಳಬಲ್ಲೆ.
"ಬಣ್ಣ ಹತ್ತುತ್ತೆ, ಕೈಗವಸು ಅಲ್ಲಿದೆ"
ಅಂದರು ಹಾಲ್ಶ್ಕಾ, ನನ್ನ ಮೇಲ್ವಿಚಾರಕಿ,
ಕಿವಿಯ ಸಂದಿಗೆ ಪೆನ್ಸಿಲು,
ಸೊಂಟದಲ್ಲಿ ಇಪ್ಪತ್ತಾರು ವರ್ಷದ ಬೀಗದ ಕೈ.

ನೋವಿ ಪೋರ್ಟ್. ಟ್ರಾಮಿನ ಕೊನೆಯ ನಿಲ್ದಾಣ.
ಆಚೆ ಹಡಗುಕಟ್ಟೆ, ಈಚೆ ಮರೆವಿನವರ ಹಗಲುಮನೆ.
ನವೆಂಬರಿನ ಗ್ದಾನ್ಸ್ಕ್‌ನಲ್ಲಿ
ಮೂರೂವರೆಗೇ ಹೊತ್ತು ಮುಳುಗಿ
ಕಿಟಕಿಗಳೆಲ್ಲ ಕನ್ನಡಿಯಾಗುತ್ತವೆ.
ಆಗ ಪರದೆ ಎಳೆಯಬೇಕು ಬೇಗ ಬೇಗ.
ಗಾಜಿನಲ್ಲಿ ಯಾರೋ ಮುದುಕಿ ಇಣುಕುತ್ತಾಳೆಂದು
ಗೆನೊವೇಫಾ ಅಳುತ್ತಾರೆ.
(ಇದು ಯಾವ ಪಠ್ಯದಲ್ಲೂ ಇರಲಿಲ್ಲ;
ಇದ್ದರೂ ನಾನು ಆ ಪುಟ ಹಾರಿಸಿರಬೇಕು.)

ಕಾಲೇಜಿನವರು ಕೊಟ್ಟ ಹಾಳೆಯಲ್ಲಿ ನಾಲ್ಕು ಅಂಕಣ:
ದಿನಾಂಕ, ಗಂಟೆ, ಕೆಲಸದ ಸ್ವರೂಪ, ಸಹಿ.
ಮೂರನೆಯದರಲ್ಲಿ ಏನು ತುಂಬಲಿ?
ಕಿವಿಯಂತ್ರದ ಬ್ಯಾಟರಿ ಬದಲಿಸಿದ್ದು?
ಒಂಟಿ ಚಪ್ಪಲಿಯ ಜೋಡಿಯನ್ನು
ಫ್ರಿಜ್ಜಿನಲ್ಲಿ ಪತ್ತೆ ಹಚ್ಚಿದ್ದು?
ಗಂಡ ಎಲ್ಲಿ ಎಂದು ಗೆನೊವೇಫಾ ಒಂಬತ್ತು ಸಲ ಕೇಳಿದಾಗ
ಒಂಬತ್ತು ಥರ ಸುಮ್ಮನಿದ್ದದ್ದು?
"ಅವಲೋಕನ" ಎಂದು ಬರೆದೆ. ಆರು ಗಂಟೆ.

ಒಮ್ಮೆ ಬೊಗುಮಿಲ್ ಅವರನ್ನು ಕೇಳಿಬಿಟ್ಟೆ:
"ನಾನು ಯಾರು, ನೆನಪಿದೆಯಾ?"
ಸಭ್ಯ ಮನುಷ್ಯ. ಹೂಂ ಅಂದರು.
ಆ ಹೂಂ ನಮ್ಮಿಬ್ಬರ ನಡುವೆ
ಒಡೆದ ಲೋಟದ ಹಾಗೆ ಬಿದ್ದಿತ್ತು, ಯಾರೂ ಹೆಕ್ಕಲಿಲ್ಲ.
ಅಡುಗೆಮನೆಯಲ್ಲಿ ಹಾಲ್ಶ್ಕಾ, ಬೆನ್ನು ತಿರುಗಿಸಿಯೇ:
"ಪರೀಕ್ಷೆ ಮಾಡಬೇಡ. ನಿನ್ನ ಹೆಸರು ನೀನೇ ಹೇಳು."
ಅಂದಿನಿಂದ ದಿನವೂ, ಬಾಗಿಲಲ್ಲಿ ನಿಂತು,
ನಾನು ದೊಬ್ರಾವಾ. ನಾನು ದೊಬ್ರಾವಾ.
ಹೇಳಿ ಹೇಳಿ ನನಗೇ ಹೊಸದಾಯಿತು ನನ್ನ ಹೆಸರು.

ಪರೀಕ್ಷೆಯ ದಿನವೂ ಬಂತು, ಬಂದೇ ಬರುತ್ತದಲ್ಲ.
"ಒಂದು ಗಡಿಯಾರ ಬರೆಯಿರಿ,
ಹನ್ನೊಂದು ಹತ್ತು ತೋರಿಸಿ."
"ಬೆಳಗಿನದೋ, ರಾತ್ರಿಯದೋ?"
ಕೈಪಿಡಿಯಲ್ಲಿ ಇದಕ್ಕೆ ಉತ್ತರವಿಲ್ಲ.
ಬರೆದರು ನಡುಗುವ ಒಂದು ವೃತ್ತ.
ಹನ್ನೆರಡೂ ಅಂಕಿ ಒಂದೇ ಮಗ್ಗುಲಿಗೆ,
ಸಮುದ್ರ ಕಂಡೊಡನೆ ಟ್ರಾಮಿನ ಜನ
ಒಂದೇ ಕಿಟಕಿಗೆ ವಾಲಿದ ಹಾಗೆ.
ಮುಳ್ಳುಗಳೇ ಇಲ್ಲ.
"ಕ್ರೇನಿನ ಮೇಲೆ ಎಲ್ಲಿತ್ತಮ್ಮ ಗಡಿಯಾರ?
ಊಟದ ಸಿಳ್ಳೆ ಕೇಳಿದರೆ ಇಳಿಯುತ್ತಿದ್ದೆ.
ಮಂಜಿದ್ದರೆ ಸಿಳ್ಳೆಯೂ ಮೆತ್ತಗೆ."

ಹತ್ತಕ್ಕೆ ಎರಡು.
ರಬ್ಬರು ಹಿಡಿದು ಕೂತೆ. ನಾಲ್ಕು ಮಾಡಲೇ?
ಹಾಲ್ಶ್ಕಾ ಕನ್ನಡಕ ಮೂಗಿಗಿಳಿಸಿ ನೋಡಿದರು:
"ಎರಡೇ ಇರಲಿ. ಅದು ಎರಡೇ.
ಹಾಳೆಯ ಬೆನ್ನು ಖಾಲಿ ಇದೆಯಲ್ಲ,
ಸಿಳ್ಳೆಯನ್ನು ಅಲ್ಲಿ ಬರಿ."

ಡಿಸೆಂಬರ್ ಹದಿನೆಂಟಕ್ಕೆ ಲೆಕ್ಕ ಮುಗಿಯಿತು.
ನೂರ ಅರವತ್ತು. ಸಹಿ ಬಿತ್ತು, ಮೊಹರು ಬಿತ್ತು.
ಬೊಗುಮಿಲ್ ಅವರ ಮಗಳ ಬಸ್ಸು ಮಾತ್ರ ತಡ.
ಕೋಟು ಹಾಕಿಸುತ್ತಾ ಕೂತೆ, ಅಂಕಣವಿಲ್ಲದ ಗಂಟೆಯಲ್ಲಿ.
ಗುಂಡಿ ಹಾಕಲು ಹೋದ ನನ್ನ ಬೆರಳುಗಳನ್ನು
ಅವರು ಹಿಡಿದು ನೋಡಿದರು. ಉಗುರಂಚು ಇನ್ನೂ ಕೆಂಪು.
"ಹೊಸಬಳಾ? ಯಾವ ಪಾಳಿ?"
"ಹಗಲು ಪಾಳಿ. ನಾನು ದೊಬ್ರಾವಾ."
"ಮೊದಮೊದಲು ತಲೆ ಸುತ್ತುತ್ತೆ.
ಏಣಿ ಹತ್ತುವಾಗ ಕೆಳಗೆ ನೋಡಬೇಡ, ಮೇಲೂ ನೋಡಬೇಡ.
ಕೈ ಎಲ್ಲಿದೆ, ಅಷ್ಟೇ ನೋಡು"
ಅಂದು, ಕೊನೆಯ ಗುಂಡಿಯನ್ನು
ತಪ್ಪು ತೂತಿಗೆ ತಾವೇ ಹಾಕಿಕೊಂಡರು.